ಓಲೆಗ್ರಂಥಗಳನ್ನು ಅರಸಿದ ಕರ್ನಲ್ ಮೆಕೆಂಜಿ

ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನವಿತ್ತ ಅತ್ತಿಮಬ್ಬೆಯ ಹೆಸರನ್ನು ಅರಿಯದ ಶ್ರಾವಕರಿಲ್ಲ. ಅಂತಹ ಶಾಸ್ತ್ರದಾನದಿಂದ ಬೆಳೆದುಬಂದ ಗ್ರಂಥಸಂಪತ್ತನ್ನು ಎಂಟುನೂರು ವರ್ಷಗಳ ತರುವಾಯ ಅರಸಿದವರಲ್ಲಿ ಕರ್ನಲ್ ಕಾಲಿನ್ ಮೆಕೆಂಜಿಯವರು ಪ್ರಮುಖರು.

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಜನಿಸಿದ ಇವರು 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗಾಗಿ ಮದರಾಸಿಗೆ ಬಂದರು. ಸೈನ್ಯದ ಇಂಜಿನಿಯರಾಗಿ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲ್ಗೊಂಡರು. ಬಳಿಕ ಮೈಸೂರು ಸೀಮೆಯ ಭೂಮಾಪನದ ಹೊಣೆ ಇವರ ಪಾಲಿಗೆ ಬಂದಿತು. ಸುಮಾರು 40,000 ಚದರ ಮೈಲಿಗಳ ನಾಡನ್ನು ಅಳೆಯುತ್ತಿರುವಾಗಲೇ ಊರೂರಿನ ಶಾಸನಗಳ ಪ್ರತಿಗಳನ್ನೂ ಓಲೆ, ಕಡತ, ಕೈಫಿಯತ್ತುಗಳನ್ನೂ ಕೂಡಿಸಿದರು. ಇದಕ್ಕಾಗಿ ತಮ್ಮ ಸ್ವಂತ ಹಣವನ್ನು ಧಾರಾಳವಾಗಿ ವ್ಯಯಿಸಿದರು.

ದೇಶಭಾಷೆಗಳಲ್ಲಿ ಇವರಿಗೆ ಪಾಂಡಿತ್ಯವಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಕಾವಲಿ ವೆಂಕಟ ಬೊರ್ರಯ್ಯ, ಲಕ್ಷ್ಮಯ್ಯ ಸಹೋದರರು ಹಾಗೂ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು. ಹಳಗನ್ನಡ ಶಾಸನಗಳನ್ನು ಓದಿ ಅರ್ಥೈಸುವುದರಲ್ಲಿ ಧರ್ಮಯ್ಯನವರು ನಿಪುಣರು. ಜೈನರಿಂದಲೇ ಕೇಳಿ ಬರೆಯಿಸಿಕೊಂಡ ವಿವರಗಳನ್ನೊಳಗೊಂಡ ಮೆಕೆಂಜಿಯವರ ಲೇಖನವು 1807ರಲ್ಲಿ ಏಷ್ಯಾಟಿಕ್ ರಿಸರ್ಚಸ್‌ನ 9ನೆಯ ಸಂಪುಟದಲ್ಲಿ ಪ್ರಕಟವಾಯಿತು. ಪಾಶ್ಚಾತ್ಯರಿಗೆ ನಮ್ಮ ಧರ್ಮವನ್ನು ಪರಿಚಯಿಸಿದ ಮೊದಮೊದಲ ಲೇಖನಗಳಲ್ಲಿ ಇದೂ ಒಂದು. ಥಾಮಸ್ ಹಿಕಿ 1816ರಲ್ಲಿ ಬರೆದ ಮೆಕೆಂಜಿಯವರ ಚಿತ್ರದಲ್ಲಿ ಓಲೆಗ್ರಂಥ ಹಿಡಿದು ನಿಂತವರು ಧರ್ಮಯ್ಯನವರೆಂದು ಗುರುತಿಸಲಾಗಿದೆ. ಹಿನ್ನೆಲೆಯಲ್ಲಿ ಗೊಮ್ಮಟಮೂರ್ತಿ ಶೋಭಿಸುತ್ತಿದೆ.

1815ರಲ್ಲಿ ಭಾರತದ ಪ್ರಥಮ ಸರ್ವೇಯರ್ ಜನರಲ್ ಪದವಿಗೇರಿದ ಇವರು 1821ರ ಮೇ 8ರಂದು ಬಂಗಾಳದಲ್ಲಿ ನಿಧನ ಹೊಂದಿದರು. ಇವರ ಸಂಗ್ರಹವನ್ನು ಕಂಪನಿಯು ಒಂದು ಲಕ್ಷ ರೂಪಾಯಿಗಳಿಗೆ ಇವರ ಪತ್ನಿಯಿಂದ ಕೊಂಡಿತು. ವಿಲ್ಸನ್ ಎಂಬ ವಿದ್ವಾಂಸರು 1828ರಲ್ಲಿ ಅಚ್ಚು ಮಾಡಿಸಿದ ಪಟ್ಟಿಯಲ್ಲಿ 1,568 ಗ್ರಂಥಗಳು, 8,076 ಶಾಸನಪ್ರತಿಗಳು, 6,218 ನಾಣ್ಯಗಳು ನಮೂದಾಗಿವೆ. ಈಗ ಅದರ ಒಂದು ಭಾಗ ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿಯೂ ಮತ್ತೊಂದು ಭಾಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ಇದ್ದು, ಸಂಶೋಧಕರಿಗೆ ಆಕರವಾಗಿದೆ.

ನಮ್ಮ ಗ್ರಂಥಗಳು ಕಡಲಾಚೆಗೆ ಹೋದುವೆಂದು ನಾವು ಮರುಗುವುದುಂಟು. ಆದರೆ ಹೋದುದಕ್ಕೆ ಪಟ್ಟಿಯಿದೆ. ಮನೆಯ ಅಟ್ಟಗಳಲ್ಲಿ ಗೆದ್ದಲಿಗೆ ಆಹುತಿಯಾದುದಕ್ಕೆ ಲೆಕ್ಕವೇ ಇಲ್ಲ. ವ್ಯಾಪಾರಿಗಳಾದ ನಮಗೆ ಲೆಕ್ಕವಿಡದ ಸರಕಿನ ಗತಿ ಏನೆಂದು ಬೇರೆ ಹೇಳಬೇಕಿಲ್ಲ. ಬಿಂಬಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಪ್ರತಿಯೊಂದು ಮನೆತನವೂ ತನ್ನಲ್ಲಿ ಉಳಿದಿರುವ ಓಲೆಕಟ್ಟುಗಳನ್ನು ಕೆಳಗಿಳಿಸಿ, ಧೂಳು ಕೊಡವಿ, ಪಟ್ಟಿ ಮಾಡಿ ಬಸದಿಯ ಶಾಸ್ತ್ರಭಂಡಾರಕ್ಕೆ ಒಪ್ಪಿಸಲಿ. ಅದೇ ಧರ್ಮಯ್ಯನವರಂತಹ ಪಂಡಿತರಿಗೆ ನಾವು ಸಲ್ಲಿಸುವ ನಿಜವಾದ ಗೌರವ.