ಹೊಲವಿಲ್ಲದ ಸನ್ಯಾಸಿ, ಹೊಲದ ನ್ಯಾಯ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಮನೆಗಳಲ್ಲಿ ತಂದೆ ತೀರಿಕೊಂಡ ಮೇಲೆ ಹೊಲ ಪಾಲು ಮಾಡುವ ದಿನ ಬಂದೇ ಬರುತ್ತದೆ. ಅಂದು ಪಿತ್ರಾರ್ಜಿತ ಆಸ್ತಿ, ಹುಟ್ಟಿನಿಂದ ಬಂದ ಹಕ್ಕು ಎಂಬ ಮಾತುಗಳು ಕೇಳಿಬರುತ್ತವೆ. ಈ ಮಾತುಗಳಿಗೆ ಕಾನೂನಿನ ಬಲ ತಂದವರು ನಮ್ಮ ನಾಡಿನವರೇ ಆದ ವಿಜ್ಞಾನೇಶ್ವರರು.

ರೋಮಿನಲ್ಲಿ ಎರಡನೆಯ ಶತಮಾನದ ಗಾಯಸ್ ಬರೆದ ನ್ಯಾಯಗ್ರಂಥವು 533ರಲ್ಲಿ ಜಸ್ಟೀನಿಯನ್ ಚಕ್ರವರ್ತಿಯ ಕಾನೂನು ಪಠ್ಯಕ್ಕೆ ತಳಹದಿಯಾಯಿತು. ಭಾರತದಲ್ಲಿ ಅಂಥ ಸ್ಥಾನ ವಿಜ್ಞಾನೇಶ್ವರರದು.

ಅವರು ಪದ್ಮನಾಭ ಭಟ್ಟರ ಮಗ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ, ಇಂದಿನ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿ ಬಾಳಿದರು. ಹಾನಗಲ್ಲಿನ ಕದಂಬರು ಆ ಸಾಮ್ರಾಜ್ಯದ ಸಾಮಂತರಾಗಿದ್ದರು. ವಿಜ್ಞಾನೇಶ್ವರರು ಸನ್ಯಾಸಿ. ಸ್ವಂತಕ್ಕೆ ಆಸ್ತಿ ಬೇಡವೆಂದವರು ಇತರರ ಆಸ್ತಿಯ ಜಗಳ ತೀರಿಸಲು ಕುಳಿತರು. ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದರು.

ಹಿರಿಯರಿಂದ ಬಂದ ಆಸ್ತಿಯಲ್ಲಿ ಮಗನಿಗೆ ಹುಟ್ಟಿದಂದೇ ಹಕ್ಕುಂಟು. ತಂದೆ ಅದನ್ನು ಮನಬಂದಂತೆ ಪರರ ಪಾಲು ಮಾಡುವಂತಿಲ್ಲ ಎಂದರು. ಪಾಲಾಗಿ ಬೇರೆಯಾದ ಗಂಡ ಗಂಡುಮಕ್ಕಳಿಲ್ಲದೆ ಸತ್ತರೆ ಆಸ್ತಿ ಹೆಂಡತಿಗೆ ಸೇರಬೇಕೆಂದರು. ಮದುವೆಯಾಗದ ತಂಗಿಗೆ ಅಣ್ಣನ ಪಾಲಿನ ಕಾಲುಭಾಗದ ಲೆಕ್ಕ ಹೇಳಿದರು. ಆದರೆ ಮಗಳನ್ನು ಮಗನಿಗೆ ಸಮ ಮಾಡಲಿಲ್ಲ.

1810ರಲ್ಲಿ ಕೋಲ್‌ಬ್ರೂಕ್ ಇದರ ದಾಯಭಾಗವನ್ನು ಇಂಗ್ಲಿಷಿಗೆ ತಂದರು. ಬಂಗಾಳ, ಅಸ್ಸಾಂಗಳನ್ನು ಬಿಟ್ಟು ದೇಶದ ಹೆಚ್ಚಿನ ಕಡೆ ಹಿಂದೂ ಕುಟುಂಬಗಳಿಗೆ ನ್ಯಾಯಾಲಯಗಳು ಇದನ್ನೇ ಅನುಸರಿಸಿದವು. ಉಳಿದಿದ್ದ ಕೊರತೆಯನ್ನು ತುಂಬಲು ಶತಮಾನಗಳೇ ಬೇಕಾದವು. 1994ರಲ್ಲಿ ಕರ್ನಾಟಕ, 2005ರಲ್ಲಿ ಇಡೀ ದೇಶ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟವು. ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು.

ಕ್ರೈಸ್ತರಾದ ನಮಗೆ ಮಿತಾಕ್ಷರಾ ಅನ್ವಯಿಸುವುದಿಲ್ಲ. ನಮಗಿರುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಉಯಿಲು ಬರೆಯದೆ ತಂದೆ ತೀರಿಕೊಂಡರೆ ತಾಯಿಗೆ ಮೂರರಲ್ಲೊಂದು ಪಾಲು. ಉಳಿದದ್ದು ಗಂಡು ಹೆಣ್ಣೆನ್ನದೆ ಮಕ್ಕಳಿಗೆಲ್ಲ ಸಮ.

ಆದರೂ ತವರಿಗೆ ಬಂದ ಮಗಳ ಮುಂದೆ ಹಕ್ಕುಬಿಡುಗಡೆ ಪತ್ರವನ್ನು ಇಡುವವರು ನಮ್ಮಲ್ಲಿಲ್ಲವೇ? ಅಣ್ಣ ಮುನಿಸಿಕೊಂಡಾನು, ತವರಿನ ಬಾಗಿಲು ಮುಚ್ಚೀತು ಎಂದು ಅಂಜಿ ಅವಳು ರುಜು ಹಾಕುತ್ತಾಳೆ. ತಂದೆಯ ಪಾಲು ಕೇಳಿ ಮೋಶೆಯ ಮುಂದೆ ನಿಂತ ಐವರು ಸೋದರಿಯರ ಮಾತು ನ್ಯಾಯವಾದದ್ದೆಂದು ದೇವರೇ ತೀರ್ಪಿತ್ತ ಸಂಗತಿ ಸಂಖ್ಯಾಕಾಂಡದಲ್ಲಿದೆ. ಕಾನೂನು ಈಗ ತಂಗಿಯ ಕಡೆಗಿದೆ. ಅಣ್ಣಂದಿರೇ, ನೀವು ಯಾರ ಕಡೆ?