ಎರಡನೇ ಮತದ ಲೆಕ್ಕ ಮತ್ತು ಸಿ.ಡಿ. ದೇಶಮುಖ್

ಹೋದ ತಿಂಗಳು ನಮ್ಮ ಡೊಂಬಿವಲಿ ಸೊಸೈಟಿಯ ಕಮಿಟಿಯಲ್ಲಿ ಅಧ್ಯಕ್ಷರ ಆಯ್ಕೆ ನಡೆಯಿತು. ಹಳೇ ಕಟ್ಟಡ, ಮಳೆಗಾಲದಲ್ಲಿ ಸೋರುತ್ತದೆ. ರೀಡೆವಲಪ್‌ಮೆಂಟ್ ಬೇಡವೇ ಬೇಡ ಎನ್ನುವವರು ಒಂದು ಕಡೆ, ನಾಳೆಯೇ ಬಿಲ್ಡರ್‌ಗೆ ಸಹಿ ಹಾಕೋಣ ಎನ್ನುವವರು ಇನ್ನೊಂದು ಕಡೆ. ಮೊದಲು ಸ್ಟ್ರಕ್ಚರಲ್ ಆಡಿಟ್ ಮಾಡಿಸಿ ಆಮೇಲೆ ಯೋಚಿಸೋಣ ಎಂದ ನಿವೃತ್ತ ಅಧಿಕಾರಿಯೊಬ್ಬರು ನಡುವೆ ನಿಂತರು. ನಾನು ಬೇಡವೆನ್ನುವವರ ಪೈಕಿ. ಅವರಿಗೆ ಮತ ಹಾಕಲಿಲ್ಲ. ಖಜಾಂಚಿಯಾಗಿದ್ದಾಗ ಮೇಂಟೆನೆನ್ಸ್ ಹೆಚ್ಚಿಸಿದ್ದರೆಂಬ ಸಿಟ್ಟು ನಮಗೆ. ನಮ್ಮವನನ್ನೇ ನಿಲ್ಲಿಸಿದೆವು. ಮತ ಒಡೆಯಿತು, ಸಹಿ ಹಾಕೋಣ ಎನ್ನುವವರು ಗೆದ್ದರು.

ಮರುದಿನ ಕೆಲಸಕ್ಕೆ ಹೋಗುವಾಗ ಫೋರ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಮುಂದೆ ಹಾದುಹೋದೆ. ದಿನವೂ ನೋಡುವ ಕಟ್ಟಡವೇ. ಅಂದು ಮಾತ್ರ ಅದರ ಮೊದಲ ಭಾರತೀಯ ಗವರ್ನರ್ ಚಿಂತಾಮಣರಾವ್ ದೇಶಮುಖ್ ನೆನಪಾದರು. ಅವರೂ ಒಂದು ಅಧ್ಯಕ್ಷ ಚುನಾವಣೆಗೆ ನಿಂತಿದ್ದರು, ರಾಷ್ಟ್ರದ ಅಧ್ಯಕ್ಷತೆಗೆ.

ದೇಶಮುಖ್ ಹುಟ್ಟಿದ್ದು 1896ರ ಜನವರಿ 14ರಂದು, ಇಂದಿನ ರಾಯಗಡ ಜಿಲ್ಲೆಯ ನಾತೆ ಗ್ರಾಮದಲ್ಲಿ. 1912ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್‌ನಲ್ಲಿ ಮೊದಲ ಸ್ಥಾನ, ಜೊತೆಗೆ ಸಂಸ್ಕೃತಕ್ಕೆ ಕೊಡುವ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನ. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ ಓದಿ, ಐಸಿಎಸ್ ಪರೀಕ್ಷೆಯಲ್ಲೂ ಮೊದಲಿಗರಾದರು. 1943ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಆದರು. ನೋಟು, ಸಾಲ, ಯುದ್ಧಕಾಲದ ಹಣದುಬ್ಬರಗಳ ನಡುವೆಯೇ ಕಾಳಿದಾಸನ ಮೇಘದೂತವನ್ನು ಮರಾಠಿಗೆ ತಂದ ಮನುಷ್ಯ ಅವರು. 1949ರ ಜನವರಿ 1ರಂದು ರಿಸರ್ವ್ ಬ್ಯಾಂಕ್ ರಾಷ್ಟ್ರೀಕರಣವಾದಾಗ ಗವರ್ನರ್ ಕುರ್ಚಿಯಲ್ಲಿದ್ದವರೂ ಅವರೇ.

1950ರಲ್ಲಿ ನೆಹರೂ ಸಂಪುಟದ ಹಣಕಾಸು ಸಚಿವರಾದರು. 1955ರಲ್ಲಿ ಇಂಪೀರಿಯಲ್ ಬ್ಯಾಂಕ್ ಸ್ಟೇಟ್ ಬ್ಯಾಂಕ್ ಆಗಿದ್ದು, 1956ರಲ್ಲಿ 245 ವಿಮಾ ಸಂಸ್ಥೆಗಳು ಎಲ್‌ಐಸಿಯೊಳಗೆ ಸೇರಿದ್ದು ಅವರ ಕಾಲದ ನಿರ್ಧಾರಗಳಿಂದ. ಆ ವರ್ಷ ಮುಂಬೈ ನಗರವನ್ನು ಮಹಾರಾಷ್ಟ್ರಕ್ಕೆ ಕೊಡದೆ ಕೇಂದ್ರದ ಆಡಳಿತದಲ್ಲಿಡುವ ತೀರ್ಮಾನವಾಯಿತು. ಬೀದಿಯಲ್ಲಿ ಗುಂಡಿಗೆ ಜನ ಬಿದ್ದರು. ಜುಲೈನಲ್ಲಿ ದೇಶಮುಖ್ ಸಂಪುಟ ಬಿಟ್ಟರು. ನಾನು ಬೆಳಗಾವಿ ಕಡೆಯವನು. ಸಂಯುಕ್ತ ಮಹಾರಾಷ್ಟ್ರ ಎಂಬ ಹೆಸರು ನಮ್ಮ ಮನೆಯಲ್ಲಿ ಹಿತವಾಗಿ ಕೇಳಿಸಿದ್ದಿಲ್ಲ. ಆದರೂ ನಂಬಿಕೆಗಾಗಿ ಅಂಥ ಕುರ್ಚಿ ಬಿಟ್ಟವರ ಬಗ್ಗೆ ಗೌರವವಿದೆ. ಮುಂದೆ ಯುಜಿಸಿ ಅಧ್ಯಕ್ಷರಾದರು, ದೆಹಲಿ ವಿಶ್ವವಿದ್ಯಾಲಯದ ಕುಲಪತಿಯಾದರು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ನಾಯಕರು ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಅದೇ ತಿಂಗಳ 19ರಂದು ಇಂದಿರಾ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು. ವಿ.ವಿ. ಗಿರಿ ಸ್ವತಂತ್ರರಾಗಿ ನಿಂತರು. ಇದರ ನಡುವೆ ಸ್ವತಂತ್ರ ಪಕ್ಷ ಮತ್ತು ಜನಸಂಘ ಕಣಕ್ಕಿಳಿಸಿದ್ದು ದೇಶಮುಖ್ ಅವರನ್ನು. ಖಾಸಗಿ ಉದ್ಯಮದ ಪರವಾಗಿ ಹುಟ್ಟಿದ ಸ್ವತಂತ್ರ ಪಕ್ಷ, ವಿಮೆಯನ್ನು ಸರ್ಕಾರದ ಕೈಗೆ ತಂದವರನ್ನೇ ತನ್ನ ಹುರಿಯಾಳಾಗಿ ಒಪ್ಪಿತ್ತು.

ರಾಷ್ಟ್ರಪತಿ ಚುನಾವಣೆಯಲ್ಲಿ ಸಂಸದರು, ಶಾಸಕರು ಒಂದು, ಎರಡು ಎಂದು ಪ್ರಾಶಸ್ತ್ಯ ಗುರುತಿಸುತ್ತಾರೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಹಿಂದುಳಿದವರ ಮತಗಳು ಎರಡನೇ ಆಯ್ಕೆಗೆ ಹೋಗುತ್ತವೆ. ಆ ಎರಡನೇ ಮತ ರೆಡ್ಡಿಯವರಿಗೆ ಬರಲೆಂದು ನಿಜಲಿಂಗಪ್ಪ ಸ್ವತಂತ್ರ ಮತ್ತು ಜನಸಂಘದ ನಾಯಕರೊಡನೆ ಮಾತಾಡಿದರು. ಇಂದಿರಾ ಅದನ್ನೇ ಹಿಡಿದು, ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ತಮ್ಮವರಿಗೆ ಕರೆಕೊಟ್ಟರು.

ಆಗಸ್ಟ್ 20ರಂದು ಎಣಿಕೆ. ಮೊದಲ ಸುತ್ತಿನ ಮತಮೌಲ್ಯ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಉಳಿದವರೆಲ್ಲ ಸೇರಿ 8,505. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಅಂತರ 14,650.

ಬ್ಯಾಂಕಿನವನಾದ್ದರಿಂದ ಲೆಕ್ಕ ಹಾಕದೆ ಬಿಡಲಾರೆ. ಗಿರಿಯವರಿಗೆ ಹೆಚ್ಚಾಗಿದ್ದು 18,562. ಸಣ್ಣಪುಟ್ಟ ಅಭ್ಯರ್ಥಿಗಳ 8,505 ಪೂರ್ತಿ ಅವರಿಗೇ ಹೋಯಿತೆಂದು ಇಟ್ಟುಕೊಂಡರೂ, ಕನಿಷ್ಠ 10,057 ದೇಶಮುಖ್ ಕಡೆಯಿಂದ ಬಂದಿರಲೇಬೇಕು. ಅಷ್ಟು ರೆಡ್ಡಿಯವರಿಗೆ ಹೋಗಿದ್ದರೆ ರೆಡ್ಡಿ 4,15,484, ಗಿರಿ 4,10,020. ರಾಷ್ಟ್ರಪತಿಯೇ ಬೇರೆಯಾಗುತ್ತಿದ್ದರು.

ಎಡಪಕ್ಷಗಳ ಬೆಂಬಲವಿದ್ದ ಗಿರಿಯವರಿಗಿಂತ ನಡುದಾರಿಯ ರೆಡ್ಡಿ ಬಲಪಂಥೀಯರಿಗೆ ಹತ್ತಿರವಿರಬೇಕಿತ್ತು. ಅವರ ಪೈಕಿ ಬಹಳ ಮಂದಿ ಹಾಗೆಯೇ ಹಾಕಿದರು. ಉಳಿದವರೇಕೆ ಹಾಕಲಿಲ್ಲ? ಮತ ಗುಪ್ತ, ಹಾಗಾಗಿ ಇದು ನನ್ನ ಊಹೆ. ಮೇಲಿನ ನಾಯಕರು ದೆಹಲಿಯಲ್ಲಿ ಒಂದು ಮಾತಿಗೆ ಬರಬಹುದು. ಆದರೆ ಕ್ಷೇತ್ರದಲ್ಲಿ ಇಪ್ಪತ್ತು ವರ್ಷ ಕಾಂಗ್ರೆಸ್ಸಿನೊಡನೆಯೇ ಜಗಳವಾಡಿ ಗೆದ್ದ ಶಾಸಕನಿಗೆ, ಅದೇ ಪಕ್ಷದ ಅಧಿಕೃತ ಅಭ್ಯರ್ಥಿಗೆ ಅಂಕಿ ಬರೆಯಲು ಕೈ ಬರುವುದಿಲ್ಲ. ದೂರದ ಎದುರಾಳಿಯ ಮೇಲೆ ಹಳೇ ಬಾಕಿ ಇರುವುದಿಲ್ಲ, ದಿನಾ ಎದುರಾಗುವವನ ಮೇಲೆ ಇರುತ್ತದೆ. ಇನ್ನು ಎರಡೂ ಬಣಗಳ ಕಾಂಗ್ರೆಸ್ಸಿಗರಿಗೆ, ದೇಶಮುಖ್ ಸಂಪುಟ ಬಿಟ್ಟುಹೋದವರು.

ಮೂರು ತಿಂಗಳೊಳಗೆ ಕಾಂಗ್ರೆಸ್ ಒಡೆಯಿತು. ಅದೇ ರೆಡ್ಡಿ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಎಂಟು ವರ್ಷದ ಹಿಂದಿನ ಆಕ್ಷೇಪ ಆಗ ಯಾರಿಗೂ ಇರಲಿಲ್ಲ. ದೇಶಮುಖ್‌ಗೆ 1975ರಲ್ಲಿ ಪದ್ಮವಿಭೂಷಣ ಬಂತು. 1982ರ ಅಕ್ಟೋಬರ್ 2ರಂದು ಹೈದರಾಬಾದ್‌ನಲ್ಲಿ ತೀರಿಕೊಂಡರು.

ನಮ್ಮ ಕಟ್ಟಡಕ್ಕೆ ಎಂಟು ವರ್ಷ ಕಾಯುವ ತ್ರಾಣವಿಲ್ಲ. ಮೊನ್ನೆ ನಾಲ್ಕನೇ ಮಹಡಿಯಲ್ಲಿ ಸ್ಲ್ಯಾಬಿನ ಗಾರೆ ಕಳಚಿ, ಮಗು ಮಲಗುವ ಮಂಚದ ಮೇಲೆ ಬಿತ್ತು. ಮಗು ಶಾಲೆಗೆ ಹೋಗಿತ್ತು. ಆ ಸಂಜೆ ನಿವೃತ್ತ ಅಧಿಕಾರಿಯ ಮನೆ ಬಾಗಿಲು ತಟ್ಟಿದೆ. ಮೇಂಟೆನೆನ್ಸ್ ವಿಷಯ ಇಬ್ಬರೂ ಎತ್ತಲಿಲ್ಲ. ಬರುವ ಭಾನುವಾರದ ಸಭೆಯಲ್ಲಿ ಅವರು ಆಡಿಟ್ ಠರಾವು ಮಂಡಿಸುತ್ತಾರೆ, ಅನುಮೋದಿಸುವವನು ನಾನು.