ಶಂಕರ್‌ನಾಗ್: ಅರ್ಧಕ್ಕೆ ನಿಂತ ಓಟ, ಮನೆಯವರು ಮುಂದುವರಿಸಿದ ಹಾದಿ

ದಾವಣಗೆರೆ ಸಮೀಪದ ಆನಗೋಡು ಹೆದ್ದಾರಿ ಬದಿಯ ಒಂದು ಸಾಧಾರಣ ಊರು. 1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಸಂಭವಿಸಿದ ರಸ್ತೆ ಅಪಘಾತವೊಂದು ಆ ಊರಿನ ಹೆಸರನ್ನು ಕನ್ನಡಿಗರ ನೆನಪಿನಲ್ಲಿ ಶಾಶ್ವತವಾಗಿ ಉಳಿಸಿಬಿಟ್ಟಿತು. ಜೋಕುಮಾರಸ್ವಾಮಿ ಚಿತ್ರದ ಚಿತ್ರೀಕರಣಕ್ಕಾಗಿ ಲೋಕಾಪುರದತ್ತ ಹೊರಟಿದ್ದ ಶಂಕರ್‌ನಾಗ್ ಆ ಅಪಘಾತದಲ್ಲಿ ಅಸುನೀಗಿದರು. ಅದೇ ಕಾರಿನಲ್ಲಿದ್ದ ಪತ್ನಿ ಅರುಂಧತಿ ತೀವ್ರವಾಗಿ ಗಾಯಗೊಂಡರು. ಜೊತೆಗಿದ್ದ ಪುಟ್ಟ ಮಗಳು ಬದುಕುಳಿದಳು. ಶಂಕರ್ ಅವರಿಗೆ ಆಗ 35 ವರ್ಷ. 36 ತುಂಬಲು ಇನ್ನೂ 40 ದಿನಗಳಿದ್ದವು.

ಅಂದಿನಿಂದ ಮೂರೂವರೆ ದಶಕಗಳು ಉರುಳಿವೆ. ಅವರು ತೀರಿಕೊಂಡಾಗ ಹುಟ್ಟಿಯೇ ಇರದ ಯುವಕರ ಆಟೋಗಳ ಹಿಂಬದಿಯಲ್ಲೂ ಇಂದು ಅವರ ಚಿತ್ರವಿದೆ. ಕೇವಲ 12 ವರ್ಷಗಳ ಚಿತ್ರಜೀವನ ನಡೆಸಿದ ಕಲಾವಿದನೊಬ್ಬ ಇಷ್ಟು ದೀರ್ಘಕಾಲ ಜನಮಾನಸದಲ್ಲಿ ಉಳಿದದ್ದು ಹೇಗೆ? ಇದಕ್ಕೆ ಉತ್ತರ ಅವರು ಮಾಡಿಹೋದ ಕೆಲಸದಲ್ಲಿ ಎಷ್ಟಿದೆಯೋ, ಅವರ ಹಿಂದೆ ಉಳಿದವರು ಹೊತ್ತ ಹೊಣೆಯಲ್ಲೂ ಅಷ್ಟೇ ಇದೆ.

ಹೊನ್ನಾವರದಿಂದ ಮುಂಬಯಿಗೆ

ಶಂಕರ್ ಜನಿಸಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಸಮೀಪ. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಮನೆಮಾತು ಕೊಂಕಣಿ. ಒಬ್ಬ ಅಕ್ಕ, ಆರು ವರ್ಷ ಹಿರಿಯನಾದ ಒಬ್ಬ ಅಣ್ಣ. ಆ ಅಣ್ಣನೇ ಅನಂತನಾಗ್.

ಅಣ್ಣನ ಹಾದಿಯಲ್ಲೇ ತಮ್ಮನೂ ಮುಂಬಯಿ ಸೇರಿದರು. ಅಲ್ಲಿ ಬ್ಯಾಂಕಿನ ನೌಕರಿ ದೊರೆಯಿತಾದರೂ ಮನಸ್ಸು ನೆಲೆ ನಿಂತದ್ದು ಮರಾಠಿ ರಂಗಭೂಮಿಯಲ್ಲಿ. ಹಗಲು ಲೆಕ್ಕಪತ್ರ, ಸಂಜೆ ತಾಲೀಮು. ನಟನೆಯೊಂದೇ ಅಲ್ಲದೆ ಬೆಳಕು, ರಂಗಸಜ್ಜಿಕೆ, ಬರವಣಿಗೆ, ನಿರ್ದೇಶನ ಎಲ್ಲದರಲ್ಲೂ ಅವರಿಗೆ ಆಸಕ್ತಿ. ಮುಂದೆ 1979ರಲ್ಲಿ ತೆರೆಕಂಡ 22 ಜೂನ್ 1897 ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲೂ ಅವರ ಪಾಲಿತ್ತು.

ಅರುಂಧತಿ ರಾವ್ ಅವರ ಪರಿಚಯವಾದದ್ದು ಇದೇ ಮುಂಬಯಿ ರಂಗಭೂಮಿಯಲ್ಲಿ. ದೆಹಲಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಅರುಂಧತಿ ಆಗಲೇ ಗುಜರಾತಿ, ಮರಾಠಿ, ಹಿಂದಿ ನಾಟಕಗಳ ನಟಿ. ಹಲವು ವರ್ಷಗಳ ಒಡನಾಟದ ನಂತರ 1980ರಲ್ಲಿ ಅವರ ವಿವಾಹವಾಯಿತು. ಪತಿಯೊಡನೆ ಬೆಂಗಳೂರಿಗೆ ಬಂದ ಅರುಂಧತಿ ಕನ್ನಡ ಕಲಿತರು. ಕನ್ನಡ ರಂಗಭೂಮಿಯನ್ನು ತಮ್ಮದಾಗಿಸಿಕೊಂಡರು.

ಮೊದಲ ಚಿತ್ರದಲ್ಲೇ ಮನ್ನಣೆ

ಶಂಕರ್ ಅವರನ್ನು ಕನ್ನಡ ಚಿತ್ರರಂಗಕ್ಕೆ ಕರೆತಂದವರು ಗಿರೀಶ ಕಾರ್ನಾಡರು. 1978ರಲ್ಲಿ ತೆರೆಕಂಡ ಒಂದಾನೊಂದು ಕಾಲದಲ್ಲಿ ಚಿತ್ರದಲ್ಲಿ ಕೂಲಿಗಾಗಿ ಕಾದುವ ಯೋಧನ ಪಾತ್ರ ಅವರದು. ಆ ಪಾತ್ರಕ್ಕೆ ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಸಂದಿತು.

ಪ್ರಶಸ್ತಿ ಪಡೆದ ನಟ ಕಲಾತ್ಮಕ ಚಿತ್ರಗಳಿಗೆ ಸೀಮಿತನಾಗುತ್ತಾನೆಂದು ಭಾವಿಸಿದವರಿಗೆ ಅವರ ಮುಂದಿನ ಹೆಜ್ಜೆ ಅಚ್ಚರಿ ತಂದಿತು. 1980ರ ಆಟೋ ರಾಜ ಅವರನ್ನು ಬೀದಿಬೀದಿಯ ನಾಯಕನನ್ನಾಗಿಸಿತು. ಆಟೋ ಚಾಲಕನ ದುಡಿಮೆಗೂ ಸ್ವಾಭಿಮಾನಕ್ಕೂ ತೆರೆಯ ಮೇಲೆ ಗೌರವದ ಸ್ಥಾನ ದೊರೆತದ್ದನ್ನು ಆ ಸಮುದಾಯ ಇಂದಿಗೂ ಮರೆತಿಲ್ಲ. ರಾಜ್ಯದ ಎಷ್ಟೋ ಆಟೋ ನಿಲ್ದಾಣಗಳು ಅವರ ಹೆಸರನ್ನು ಹೊತ್ತಿವೆ. 1988ರ ಸಾಂಗ್ಲಿಯಾನ ಚಿತ್ರದ ಪೊಲೀಸ್ ಅಧಿಕಾರಿಯ ಪಾತ್ರ ಆ ಜನಪ್ರಿಯತೆಯನ್ನು ಇನ್ನಷ್ಟು ಹೆಚ್ಚಿಸಿತು.

12 ವರ್ಷಗಳಲ್ಲಿ 80ಕ್ಕೂ ಹೆಚ್ಚು ಚಿತ್ರಗಳು. ಅವೆಲ್ಲವೂ ಉತ್ತಮ ಚಿತ್ರಗಳೆಂದು ಅವರ ಅಭಿಮಾನಿಗಳೂ ಹೇಳಲಾರರು. ಹೊಡೆದಾಟದ ಸಿದ್ಧಸೂತ್ರಕ್ಕೆ ಕಟ್ಟುಬಿದ್ದ ಚಿತ್ರಗಳು ಅವುಗಳಲ್ಲಿ ಸಾಕಷ್ಟಿವೆ. ಆದರೆ ನಾಯಕನಾಗಿ ದೊರೆತ ಆ ಜನಪ್ರಿಯತೆಯೇ ಅವರ ನಿರ್ದೇಶನ, ನಾಟಕ ಮತ್ತು ಸ್ಟುಡಿಯೋದಂತಹ ಸಾಹಸಗಳಿಗೆ ಬೆನ್ನೆಲುಬಾಯಿತು ಎಂಬುದನ್ನೂ ಗಮನಿಸಬೇಕು.

ಅಣ್ಣ-ತಮ್ಮಂದಿರ ಜೋಡಿ

ನಿರ್ದೇಶಕರಾಗಿ ಅವರ ಮೊದಲ ಚಿತ್ರ 1980ರ ಮಿಂಚಿನ ಓಟ. ಕಾರು ಕಳ್ಳರ ಈ ಕಥೆಯಲ್ಲಿ ಅಣ್ಣ-ತಮ್ಮ ಇಬ್ಬರೂ ಲೋಕನಾಥ್ ಅವರೊಡನೆ ನಟಿಸಿದರು. ರಾಜ್ಯ ಪ್ರಶಸ್ತಿಗಳನ್ನು ಗಳಿಸಿದ ಈ ಚಿತ್ರದ ಬೆನ್ನಲ್ಲೇ ಜನ್ಮ ಜನ್ಮದ ಅನುಬಂಧ ಬಂತು. 1981ರಲ್ಲಿ ಇಳಯರಾಜ ಸಂಗೀತದ ಗೀತಾ ತೆರೆಕಂಡಿತು. ಅದರ ನಾಯಕಿ ಅರುಂಧತಿಯವರ ಸಹೋದರಿ ಪದ್ಮಾವತಿ ರಾವ್.

ಆಕ್ಸಿಡೆಂಟ್ ಅವರ ನಿರ್ದೇಶನದ ಅತ್ಯಂತ ದಿಟ್ಟ ಚಿತ್ರ. ಪಾನಮತ್ತನಾಗಿ ಕಾರು ಚಲಾಯಿಸಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರ ಸಾವಿಗೆ ಕಾರಣನಾದ ರಾಜಕಾರಣಿಯ ಮಗ, ಅವನನ್ನು ಪಾರುಮಾಡಲು ತಂದೆ ನಡೆಸುವ ಕುಟಿಲ ಪ್ರಯತ್ನ, ಸತ್ಯವನ್ನು ಬೆನ್ನಟ್ಟುವ ಪತ್ರಕರ್ತ: ಇದು ಕಥೆಯ ಹಂದರ. ರಾಜಕಾರಣಿಯಾಗಿ ಅಣ್ಣ, ಪತ್ರಕರ್ತನಾಗಿ ತಮ್ಮ. ಸಾಮಾಜಿಕ ಸಮಸ್ಯೆ ಕುರಿತ 1984ರ ಅತ್ಯುತ್ತಮ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿ ಲಭಿಸಿತು. 1987ರಲ್ಲಿ ಡಾ. ರಾಜಕುಮಾರ್ ಅವರನ್ನು ಮುತ್ತು ಹೆಕ್ಕುವ ಬೆಸ್ತನಾಗಿಸಿ ಅವರು ನಿರ್ದೇಶಿಸಿದ ಒಂದು ಮುತ್ತಿನ ಕಥೆಯಲ್ಲಿ ನೀರಿನಾಳದ ಚಿತ್ರೀಕರಣವನ್ನು ಪ್ರಯತ್ನಿಸಲಾಯಿತು. ಗಳಿಕೆಯಲ್ಲಿ ಚಿತ್ರ ಸೋತಿತಾದರೂ ಆ ಸಾಹಸವನ್ನು ಚಿತ್ರರಂಗ ಮರೆಯಲಿಲ್ಲ.

ಕನ್ನಡ ಚಿತ್ರಗಳ ತಾಂತ್ರಿಕ ಕೆಲಸಕ್ಕೆ ಮದರಾಸನ್ನು ಅವಲಂಬಿಸಬೇಕಿದ್ದ ಕಾಲವದು. ಬೆಂಗಳೂರಿನಲ್ಲಿ ಸಂಕೇತ್ ಎಲೆಕ್ಟ್ರಾನಿಕ್ಸ್ ಎಂಬ ಧ್ವನಿಮುದ್ರಣ ಸ್ಟುಡಿಯೋ ಸ್ಥಾಪಿಸಿ ಆ ಅವಲಂಬನೆಯನ್ನು ತಗ್ಗಿಸಲು ಸಹೋದರರು ಮುಂದಾದರು. ಸಂಕೇತ್ ಹೆಸರಿನ ನಾಟಕ ತಂಡವೂ ಜೊತೆಗಿತ್ತು. ಅಂಜುಮಲ್ಲಿಗೆ, ಬ್ಯಾರಿಸ್ಟರ್, ಸಂಧ್ಯಾ ಛಾಯಾ, ನಾಗಮಂಡಲ ಮುಂತಾದ ನಾಟಕಗಳು ಈ ತಂಡದಿಂದ ರಂಗಕ್ಕೆ ಬಂದವು. ರಮೇಶ್ ಭಟ್ ಅವರಂತಹ ಸಂಗಾತಿಗಳು ರಂಗಭೂಮಿ ಮತ್ತು ಚಿತ್ರರಂಗ ಎರಡರಲ್ಲೂ ಜೊತೆಯಾದರು. ಚಿತ್ರರಂಗದ ಬಿಡುವಿಲ್ಲದ ದಿನಗಳಲ್ಲೂ ಶಂಕರ್ ನಾಟಕವನ್ನು ಕೈಬಿಡಲಿಲ್ಲ.

ಆಗುಂಬೆಯಲ್ಲಿ ಹುಟ್ಟಿದ ಮಾಲ್ಗುಡಿ

ಆರ್.ಕೆ. ನಾರಾಯಣ್ ಅವರ ಕಲ್ಪನೆಯ ಊರಿಗೆ ಮನೆ, ಬೀದಿ, ಅಂಗಳಗಳನ್ನು ಒದಗಿಸಿದ್ದು ಶಂಕರ್ ಅವರ ಅತ್ಯಂತ ವ್ಯಾಪಕ ಖ್ಯಾತಿಯ ಕೆಲಸ. ಟಿ.ಎಸ್. ನರಸಿಂಹನ್ ನಿರ್ಮಿಸಿದ ಮಾಲ್ಗುಡಿ ಡೇಸ್ ಧಾರಾವಾಹಿಯ ಬಹುಭಾಗ ಮಲೆನಾಡಿನ ಆಗುಂಬೆಯಲ್ಲಿ ಚಿತ್ರಿತವಾಯಿತು. ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು, ಎಲ್. ವೈದ್ಯನಾಥನ್ ಅವರ ಸಂಗೀತ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ ಕಾರ್ನಾಡ್. ದೂರದರ್ಶನದಲ್ಲಿ ಹಿಂದಿಯಲ್ಲಿ ಪ್ರಸಾರವಾದ ಈ ಧಾರಾವಾಹಿಯ ಮೂಲಕ ಕನ್ನಡದ ಕಲಾವಿದರು ಇಡೀ ದೇಶಕ್ಕೆ ಪರಿಚಿತರಾದರು. ಧಾರಾವಾಹಿಯ ರೈಲು ನಿಲ್ದಾಣವಾಗಿದ್ದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು.

ಸಿನಿಮಾ ಅವರ ಯೋಚನೆಗಳ ಒಂದು ಭಾಗ ಮಾತ್ರ. ಬೆಂಗಳೂರಿಗೆ ಮೆಟ್ರೊ ರೈಲು, ನಂದಿ ಬೆಟ್ಟಕ್ಕೆ ರೋಪ್‌ವೇ, ಬಡವರಿಗೆ ಕಡಿಮೆ ವೆಚ್ಚದ ಮನೆಗಳು ಇವೆಲ್ಲವನ್ನೂ ಅವರು ಎಂಬತ್ತರ ದಶಕದಲ್ಲೇ ಚಿಂತಿಸಿದ್ದರು. ಅಂದು ಅನೇಕರಿಗೆ ಇವು ನಟನೊಬ್ಬನ ಹಗಲುಗನಸುಗಳಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಉಳಿದವರ ಹೊಣೆ

ಆನಗೋಡಿನ ಅಪಘಾತ ಒಂದು ಮನೆಯ ಪತಿಯನ್ನು, ತಂದೆಯನ್ನು, ತಮ್ಮನನ್ನು ಏಕಕಾಲಕ್ಕೆ ಕಸಿದುಕೊಂಡಿತು. ನಾಡು ನಾಯಕನಟನಿಗಾಗಿ ಶೋಕಿಸುತ್ತಿದ್ದಾಗ ಅರುಂಧತಿ ತಮ್ಮ ಜೀವಕ್ಕಾಗಿಯೇ ಹೋರಾಡಬೇಕಿತ್ತು. ಸಾಲುಸಾಲು ಶಸ್ತ್ರಚಿಕಿತ್ಸೆಗಳು, ಮತ್ತೆ ನಡೆಯಲು ಕಲಿಯುವ ಯಾತನೆ, ತಂದೆಯಿಲ್ಲದ ಮಗಳ ಪಾಲನೆ. ಇವೆಲ್ಲದರ ನಡುವೆ ಅವರು ರಂಗಭೂಮಿಗೆ ಮರಳಿದರು.

ಬೆಂಗಳೂರಿನಲ್ಲಿ ನಾಟಕಕ್ಕಾಗಿಯೇ ಮೀಸಲಾದ, ಕಡಿಮೆ ಬಾಡಿಗೆಗೆ ತಂಡಗಳಿಗೆ ದೊರೆಯುವ ಸುಸಜ್ಜಿತ ರಂಗಮಂದಿರವೊಂದು ಇರಬೇಕೆಂಬುದು ಗಂಡ-ಹೆಂಡತಿ ಇಬ್ಬರೂ ಕಂಡ ಕನಸು. ಅದನ್ನು ನನಸಾಗಿಸಲು ಅರುಂಧತಿ ಸಂಕೇತ್ ಟ್ರಸ್ಟ್ ಮೂಲಕ ವರ್ಷಗಟ್ಟಲೆ ಓಡಾಡಿದರು. ಸರ್ಕಾರದಿಂದ ನಿವೇಶನ ದೊರಕಿತು. ಹಣ ದಾನಿಗಳಿಂದ ಬಂತು. 2004ರ ಅಕ್ಟೋಬರ್‌ನಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ಬಾಗಿಲು ತೆರೆಯಿತು. 300ಕ್ಕೂ ಹೆಚ್ಚು ಆಸನಗಳ ಈ ರಂಗಮಂದಿರ ಸಮಯಪಾಲನೆಗೆ ಹೆಸರಾಯಿತು. ನಾಟಕ ಆರಂಭವಾದ ಬಳಿಕ ಯಾರಿಗೂ ಪ್ರವೇಶವಿಲ್ಲ ಎಂಬುದು ಅಲ್ಲಿನ ನಿಯಮ. ಮಕ್ಕಳ ರಂಗಭೂಮಿಗೂ ಅಲ್ಲಿ ವಿಶೇಷ ಸ್ಥಾನ ದೊರೆಯಿತು. ಅರುಂಧತಿಯವರಿಗೆ 2010ರಲ್ಲಿ ಪದ್ಮಶ್ರೀ ಸಂದಿತು.

ಅಣ್ಣ ಅನಂತನಾಗ್ ತಮ್ಮನ ನೆನಪುಗಳನ್ನು ನನ್ನ ತಮ್ಮ ಶಂಕರ ಎಂಬ ಪುಸ್ತಕವಾಗಿ ಬರೆದರು. ರಾಜಕಾರಣಕ್ಕೆ ಇಳಿದು ಜೆ.ಎಚ್. ಪಟೇಲ್ ಅವರ ಸಂಪುಟದಲ್ಲಿ ಬೆಂಗಳೂರು ನಗರಾಭಿವೃದ್ಧಿ ಖಾತೆಯನ್ನೂ ನಿರ್ವಹಿಸಿದರು. ತಮ್ಮ ಹಂಬಲಿಸಿದ್ದ ಮೆಟ್ರೊ ರೈಲು ಬೆಂಗಳೂರಿನಲ್ಲಿ ಸಂಚಾರ ಆರಂಭಿಸಿದ್ದು 2011ರ ಅಕ್ಟೋಬರ್‌ನಲ್ಲಿ, ಶಂಕರ್ ನಿಧನರಾದ 21 ವರ್ಷಗಳ ನಂತರ. 2025ರಲ್ಲಿ ಅನಂತನಾಗ್ ಅವರಿಗೆ ಪದ್ಮಭೂಷಣ ಘೋಷಣೆಯಾದಾಗ ಆ ಸಂಭ್ರಮದಲ್ಲೂ ತಮ್ಮನನ್ನು ನೆನೆಯದ ಕನ್ನಡಿಗರು ವಿರಳ.

ಶಂಕರ್ ಬದುಕಿದ್ದರೆ ಏನೇನು ಮಾಡುತ್ತಿದ್ದರು ಎಂಬ ಮಾತು ಪ್ರತಿ ಸೆಪ್ಟೆಂಬರ್ ಕೊನೆಯಲ್ಲಿ, ಪ್ರತಿ ನವೆಂಬರ್‌ನ ಹುಟ್ಟುಹಬ್ಬದಂದು ಕೇಳಿಬರುತ್ತದೆ. ಅದಕ್ಕೆ ಯಾರೂ ಉತ್ತರಿಸಲಾರರು. ಆದರೆ ಅವರನ್ನು ಪ್ರೀತಿಸಿದವರು ದುಃಖದಲ್ಲಿ ಕುಸಿದು ಕೂರಲಿಲ್ಲ ಎಂಬುದಕ್ಕೆ ಜೆ.ಪಿ. ನಗರದ ಆ ಕಟ್ಟಡ ಸಾಕ್ಷಿಯಾಗಿದೆ. ಅವರ ಚಿತ್ರವೊಂದನ್ನೂ ನೋಡಿರದ ಎಳೆಯರು ಅಲ್ಲಿ ಬಣ್ಣ ಹಚ್ಚಿ ರಂಗವೇರುತ್ತಾರೆ. ನಾಟಕವನ್ನೇ ಉಸಿರಾಗಿಸಿಕೊಂಡಿದ್ದ ಒಬ್ಬ ಪತಿಗೆ, ತಂದೆಗೆ, ತಮ್ಮನಿಗೆ ಇದಕ್ಕಿಂತ ಮಿಗಿಲಾದ ಸ್ಮಾರಕ ಬೇರೊಂದಿರಲಾರದು.